ಉಗ್ಗುವ ಹುಡುಗನಿಗೆ ಆ ದನಿ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ‘ದಿ ಲಯನ್ ಕಿಂಗ್’ ನೋಡುತ್ತಾ, ಸಿಂಹರಾಜ ಮುಫಾಸನ ದನಿ ಯಾರದು ಅಂತ ಕೇಳಿದಳು. ಹುಡುಕಿದಾಗ ಜೇಮ್ಸ್ ಅರ್ಲ್ ಜೋನ್ಸ್ ಅಂತ ಗೊತ್ತಾಯಿತು. ‘ಸ್ಟಾರ್ ವಾರ್ಸ್’ನ ಖಳ ಡಾರ್ತ್ ವೇಡರ್ ದನಿಯೂ ಅವರದೇ ಅಂತೆ. ಆದರೆ ಚಿಕ್ಕಂದಿನಲ್ಲಿ ಅವರಿಗೆ ಉಗ್ಗು ಇತ್ತು, ವರ್ಷಗಟ್ಟಲೆ ಮಾತೇ ಆಡಿರಲಿಲ್ಲ ಅಂತಲೂ ಓದಿದೆ. ಇದು ನಿಜವೇ? ಆ ದನಿ ಹುಟ್ಟಿನಿಂದ ಬಂದದ್ದೋ, ಸಾಧನೆಯಿಂದ ಬಂದದ್ದೋ? ಅವರು ಮುಖ್ಯವಾಗಿ ಕಂಠದಾನ ಕಲಾವಿದರೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಲ್ಲ, ಜೋನ್ಸ್ ರಂಗನಟ. ಕಂಠದಾನ ಅವರಿಗೆ ಪಕ್ಕದ ಕೆಲಸ. 1977ರ ಮೊದಲ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಅವರು ಮೈಕಿನ ಮುಂದೆ ಇದ್ದದ್ದು ಹೆಚ್ಚೆಂದರೆ ಎರಡೂವರೆ ಗಂಟೆ. ಸಿಕ್ಕ ಸಂಭಾವನೆ 7,000 ಡಾಲರ್. ಅದಕ್ಕೂ ಎಂಟೊಂಬತ್ತು ವರ್ಷ ಮೊದಲು ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಸಾಲಿನಲ್ಲಿ, ಅವರ ಒಂದು ನಾಟಕ 546 ಪ್ರಯೋಗ ಕಂಡಿತ್ತು. ಇಷ್ಟಾದರೂ ಜಗತ್ತು ನೆನಪಿಟ್ಟುಕೊಂಡದ್ದು ಆ ಎರಡೂವರೆ ಗಂಟೆಯನ್ನೇ. ಅವರಿಗೆ ಇದರಿಂದ ಬೇಜಾರೇನೂ ಇದ್ದ ಹಾಗೆ ಕಾಣುವುದಿಲ್ಲ. ನನಗೆ ಮಾತ್ರ ಸ್ವಲ್ಪ ಇದೆ.

ಉಗ್ಗಿನ ವಿಷಯ ನೂರಕ್ಕೆ ನೂರು ನಿಜ. ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಜೋನ್ಸ್ ಹುಟ್ಟಿದ್ದು 1931ರ ಜನವರಿ 17ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಆರ್ಕಬಟ್ಲ ಅನ್ನುವ ಸಣ್ಣ ಊರಿನಲ್ಲಿ. ಅವರು ಹುಟ್ಟಿದ ಆಸುಪಾಸಿನಲ್ಲೇ ತಂದೆ ರಾಬರ್ಟ್ ಅರ್ಲ್ ಜೋನ್ಸ್ ಮನೆ ಬಿಟ್ಟು ಹೋದರು. ಮೊದಲು ಬಾಕ್ಸಿಂಗ್ ಆಡುತ್ತಿದ್ದ ಈ ತಂದೆ ಆಮೇಲೆ ನಟರಾದರು. ಮಗುವನ್ನು ಸಾಕಿದ್ದು ತಾಯಿಯ ಅಪ್ಪ ಅಮ್ಮ. ಐದು ವರ್ಷ ತುಂಬುವ ಹೊತ್ತಿಗೆ ಅಜ್ಜ ಅಜ್ಜಿ ದಕ್ಷಿಣ ಬಿಟ್ಟು, ಉತ್ತರದ ಮಿಶಿಗನ್ ರಾಜ್ಯದ ಡಬ್ಲಿನ್ ಹತ್ತಿರ ಒಂದು ಜಮೀನಿಗೆ ಬಂದು ನೆಲೆಸಿದರು. ಊರು ಹೊಸದು, ಚಳಿ ಹೊಸದು, ಸುತ್ತ ಬರೀ ಬಿಳಿಯರು. ಆ ಹೊತ್ತಿಗೇ ಹುಡುಗನಿಗೆ ಮಾತು ತಡವರಿಸತೊಡಗಿತು. ಶಾಲೆಯಲ್ಲಿ ಮಕ್ಕಳು ನಕ್ಕರು. ಇವನು ಬಾಯಿ ಮುಚ್ಚಿಬಿಟ್ಟ.

ಸುಮಾರು ಎಂಟು ವರ್ಷ.

ಪೂರ್ತಿ ಮೂಕನಾಗಿದ್ದ ಅಂತಲ್ಲ. ಮನೆಯವರ ಹತ್ತಿರ ಬೇಕಾದಷ್ಟೇ ಮಾತು ಆಡುತ್ತಿದ್ದ. ಕೊಟ್ಟಿಗೆಯ ದನಕರುಗಳ ಹತ್ತಿರ ಧಾರಾಳವಾಗಿ ಮಾತಾಡುತ್ತಿದ್ದ. ಅವು ನಗುವುದಿಲ್ಲ ಅಲ್ವಾ? ಹೊರಗಿನವರು ಮನೆಗೆ ಬಂದರೆ ಮಾತು ನಿಂತುಹೋಗುತ್ತಿತ್ತು. ಶಾಲೆಯಲ್ಲಿ ಉತ್ತರವನ್ನೆಲ್ಲ ಬರೆದು ತೋರಿಸುತ್ತಿದ್ದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅವರು ಸುಮ್ಮನಾದದ್ದು ಐದಾರು ವರ್ಷದಲ್ಲಿ, ಮತ್ತೆ ಮಾತು ಶುರುವಾದದ್ದು ಹದಿನಾಲ್ಕರ ಆಸುಪಾಸಿನಲ್ಲಿ. ಗಂಡುಮಕ್ಕಳ ಗಂಟಲು ಒಡೆಯುವುದು ಈ ನಡುವೆಯೇ. ಬಾಯಿ ಮುಚ್ಚಿದಾಗ ಇದ್ದದ್ದು ಮಗುವಿನ ದನಿ, ತೆರೆದಾಗ ಗಂಡಸಿನ ದನಿ. ಬೇರೆಯವರಿಗೆ ತಮ್ಮ ದನಿ ದಿನಾ ಇಷ್ಟಿಷ್ಟೇ ಬದಲಾಗುತ್ತದೆ. ಇವರಿಗೆ ಅದು ಹೊಸ ಅಂಗಿ ಹಾಗೆ ಒಂದೇ ಸಲ ಮೈಮೇಲೆ ಬಂತು.

ಮತ್ತೆ ಮಾತು ಬಂದ ಕಥೆ ಚೆನ್ನಾಗಿದೆ. ಬ್ರೆಥ್ರೆನ್ ಎಂಬ ಊರಿನ ಹೈಸ್ಕೂಲಿನಲ್ಲಿ ಡೊನಾಲ್ಡ್ ಕ್ರೌಚ್ ಅನ್ನುವ ಮೇಷ್ಟ್ರು ಇದ್ದರು. ಕಾಲೇಜಿನಲ್ಲಿ ಪಾಠ ಹೇಳಿ ಬಂದವರು, ಕವಿತೆ ಅಂದರೆ ಪ್ರಾಣ. ಈ ಹುಡುಗ ಗುಟ್ಟಾಗಿ ಪದ್ಯ ಬರೆಯುತ್ತಾನೆ ಅಂತ ಅವರಿಗೆ ಗೊತ್ತಾಯಿತು. ಯುದ್ಧದ ಕಾಲ. ಸರ್ಕಾರ ಹಂಚುತ್ತಿದ್ದ ಆಹಾರದ ಜೊತೆ ಒಂದು ಚಳಿಗಾಲದಲ್ಲಿ ಮಿಶಿಗನ್ನಿಗೆ ಗ್ರೇಪ್‌ಫ್ರೂಟ್ ಬಂದಿತ್ತು. ನಮ್ಮ ಚಕ್ಕೋತದ ತಮ್ಮ ಅನ್ನಬಹುದಾದ ಹಣ್ಣು. ಹಿಮದ ನಡುವೆ ಅದರ ರುಚಿ ಹುಡುಗನ ತಲೆಗೇರಿತು. ಲಾಂಗ್‌ಫೆಲೋ ಕವಿಯ ‘ಹಯವಾತ’ದ ಮಟ್ಟಿನಲ್ಲಿ ಆ ಹಣ್ಣಿನ ಮೇಲೆ ಒಂದು ಪದ್ಯ ಕಟ್ಟಿದ. ಮೇಷ್ಟ್ರು ಓದಿ ನೋಡಿ, ಇದು ತುಂಬಾ ಚೆನ್ನಾಗಿದೆ, ನೀನೇ ಬರೆದದ್ದು ಅಂತ ನಂಬೋದು ಹೇಗೆ, ನಿನ್ನದೇ ಆದರೆ ತರಗತಿಯ ಮುಂದೆ ನಿಂತು ಬಾಯಿಪಾಠ ಹೇಳು ಅಂದರು. ಕದ್ದ ಅನ್ನಿಸಿಕೊಳ್ಳುವುದಕ್ಕಿಂತ ಉಗ್ಗಿದರೂ ಪರವಾಗಿಲ್ಲ ಅಂತ ಹುಡುಗ ಎದ್ದು ನಿಂತ. ಶುರುವಿನಿಂದ ಕೊನೆವರೆಗೂ ಹೇಳಿದ. ಒಂದು ಕಡೆಯೂ ತಡವರಿಸಲಿಲ್ಲ.

ಇದನ್ನು ಪವಾಡದ ಹಾಗೆ ಹೇಳುವವರು ಜಾಸ್ತಿ. ಪವಾಡ ಏನಿಲ್ಲ. ಉಗ್ಗುವವರಲ್ಲಿ ಎಷ್ಟೋ ಜನ ಹಾಡುವಾಗ, ತಾಳಕ್ಕೆ ಪದ್ಯ ಹೇಳುವಾಗ, ಬೇರೆಯವರ ಜೊತೆ ದನಿಗೂಡಿಸುವಾಗ ಸರಾಗವಾಗಿ ಮಾತಾಡುತ್ತಾರೆ. ಲಯ ಮೊದಲೇ ಗೊತ್ತಿರುತ್ತದೆ, ಮುಂದಿನ ಮಾತು ಎಲ್ಲಿ ಬೀಳಬೇಕು ಅಂತ ಗೊತ್ತಿರುತ್ತದೆ. ಮೇಷ್ಟ್ರಿಗೆ ಈ ಶಾಸ್ತ್ರ ಗೊತ್ತಿತ್ತೋ ಏನೋ, ಮದ್ದು ಮಾತ್ರ ಸರಿಯಾಗಿ ಕೊಟ್ಟರು. ಅಲ್ಲಿಗೇ ಬಿಡಲಿಲ್ಲ. ದಿನವೂ ಗಟ್ಟಿಯಾಗಿ ಪದ್ಯ ಓದಿಸಿದರು, ಚರ್ಚಾಸ್ಪರ್ಧೆಗೆ ಹಚ್ಚಿದರು.

ಉಗ್ಗು ಪೂರ್ತಿ ಹೋಯಿತೇ? ಇಲ್ಲ. ತಾನು ಈಗಲೂ ಉಗ್ಗುವವನೇ ಅಂತ ಜೋನ್ಸ್ ಮುದಿವಯಸ್ಸಿನಲ್ಲೂ ಹೇಳುತ್ತಿದ್ದರು. ಅದರ ಜೊತೆ ಬದುಕುವುದನ್ನು ಕಲಿತರು, ಅಷ್ಟೇ. ಮುಂದೆ ಬರುವ ಪದ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನಿಸಿದರೆ ಬೇರೆ ಪದ ಆರಿಸಿಕೊಳ್ಳುತ್ತಿದ್ದರು. ಮಾತಿಗೆ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದರು. ಅವರ ಸಂದರ್ಶನ ನೋಡಿದರೆ ಇದು ಕಾಣುತ್ತದೆ. ಪ್ರಶ್ನೆ ಬಿದ್ದ ಮೇಲೆ ಒಂದು ಬಿಡುವು, ಆಮೇಲೆ ತೂಕದ ಒಂದು ಪದ, ಮತ್ತೆ ಬಿಡುವು. ನೋಡುವವರಿಗೆ ಅದು ಗಾಂಭೀರ್ಯ. ಅವರಿಗೆ ಅದು ದಾರಿಯ ಕಲ್ಲು ತಪ್ಪಿಸಿ ನಡೆಯುವ ಅಭ್ಯಾಸ.

ಈಗ ನಿಮ್ಮ ನಡುವಿನ ಪ್ರಶ್ನೆ, ಹುಟ್ಟಿನಿಂದಲೋ ಸಾಧನೆಯಿಂದಲೋ. ದನಿ ಎಷ್ಟು ಕೆಳಗಿದೆ ಅನ್ನುವುದು ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ಗಂಟಲಿನ ಧ್ವನಿತಂತುಗಳು ಉದ್ದ, ದಪ್ಪ ಇದ್ದರೆ ನಿಧಾನವಾಗಿ ಅದುರುತ್ತವೆ, ದನಿ ತಗ್ಗುತ್ತದೆ. ವೀಣೆಯ ಮಂದ್ರದ ತಂತಿ ಇದ್ದ ಹಾಗೆ. ಆದರೆ ಮಂದ್ರದ ದನಿ ಇರುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರೆಲ್ಲ ಜೋನ್ಸ್ ಆಗಲಿಲ್ಲ. ನಾನು ರಂಗಶಿಬಿರಗಳಲ್ಲಿ ದನಿಯ ಪಾಠ ಹೇಳುತ್ತೇನೆ. ಪ್ರತಿ ಶಿಬಿರದಲ್ಲೂ ಒಬ್ಬ ಹುಡುಗ ಗಂಟಲು ಒತ್ತಿ, ಗದ್ದ ಇಳಿಸಿ, ವೇಡರ್ ಹಾಗೆ ಗುಡುಗಲು ನೋಡುತ್ತಾನೆ. ಹತ್ತು ನಿಮಿಷಕ್ಕೆ ಗಂಟಲು ಕಟ್ಟಿ ಕೆಮ್ಮುತ್ತಾನೆ. ಜೋನ್ಸ್ ಗಂಟಲು ಒತ್ತುವುದೇ ಇಲ್ಲ. ಉಸಿರು ಹೊಟ್ಟೆಯಿಂದ ಬರುತ್ತದೆ, ದವಡೆ ಸಡಿಲ ಇರುತ್ತದೆ, ಪದದ ಕೊನೆಯ ವ್ಯಂಜನದವರೆಗೂ ಉಸಿರು ಉಳಿದಿರುತ್ತದೆ. ಕೊನೆಯ ಅಕ್ಷರ ನುಂಗದೆ ಮಾತಾಡುವವರು ಎಷ್ಟು ಜನ ಇದ್ದಾರೆ, ಸುಮ್ನೆ ಒಮ್ಮೆ ಗಮನಿಸಿ ನೋಡಿ.

ಅವರ ರಂಗದ ದಾರಿ ನೇರವಾಗಿರಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಡಾಕ್ಟರ್ ಆಗಲು ಸೇರಿ, ನಡುವೆ ನಾಟಕದ ಕಡೆ ಹೊರಳಿದರು. ಸೇನೆಯ ತರಬೇತಿಯೂ ಆಯಿತು. ಕೊರಿಯಾ ಯುದ್ಧಕ್ಕೆ ಹೋಗಬೇಕಾಗುತ್ತದೆ ಅಂದುಕೊಂಡಿದ್ದಾಗಲೇ ಕದನ ನಿಂತಿತು. ಸೇನೆ ಬಿಟ್ಟ ಮೇಲೆ, ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುತ್ತಿದ್ದ ಹಣದಲ್ಲಿ ನ್ಯೂಯಾರ್ಕಿನ ಅಮೆರಿಕನ್ ಥಿಯೇಟರ್ ವಿಂಗ್‌ನಲ್ಲಿ ನಟನೆ ಕಲಿತರು. ಹೊಟ್ಟೆಪಾಡಿಗೆ ಕಟ್ಟಡಗಳಲ್ಲಿ ಗುಡಿಸಿ ಒರೆಸುವ ಕೆಲಸ. ಬಿಟ್ಟು ಹೋಗಿದ್ದ ಅಪ್ಪನ ನಿಜವಾದ ಪರಿಚಯ ಆದದ್ದೂ ದೊಡ್ಡವರಾದ ಮೇಲೆಯೇ. ಅಪ್ಪ ಮಗ ಇಬ್ಬರೂ ಒಂದೇ ಊರಿನ ನಟರಾದರು.

1957ರಲ್ಲಿ ಬ್ರಾಡ್‌ವೇಗೆ ಕಾಲಿಟ್ಟದ್ದು ಬದಲಿ ನಟನಾಗಿ, ಅಂದರೆ ಮುಖ್ಯ ನಟ ಬಾರದಿದ್ದರೆ ಮಾತ್ರ ಬಣ್ಣ ಹಚ್ಚುವ ಕೆಲಸ. ಆ ಮುಖ್ಯ ನಟನ ಹೆಸರು ಲಾಯ್ಡ್ ರಿಚರ್ಡ್ಸ್. ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಮರುವರ್ಷ ‘ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ’ ನಾಟಕದಲ್ಲಿ ಒಂದು ಪುಟ್ಟ ಪಾತ್ರ ಸಿಕ್ಕಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ ಮನೆಯ ಆಳು. ಒಳಗೆ ಬಂದು ‘ಮಿಸೆಸ್ ರೂಸ್‌ವೆಲ್ಟ್, ಊಟ ಬಡಿಸಿದೆ’ ಅನ್ನಬೇಕು. ಅಷ್ಟೇ. ಒಂದು ರಾತ್ರಿ ‘ಮಿಸೆಸ್’ನ ‘ಮ’ದ ಮೇಲೆಯೇ ಸಿಕ್ಕಿಹಾಕಿಕೊಂಡರು. ತುಟಿ ಸೇರಿತು, ಬಿಡಿಸಿಕೊಳ್ಳಲಿಲ್ಲ. ಎದುರಿನ ನಟಿ ತಾಳ್ಮೆಯಿಂದ ಕಾದು ನಿಂತರು. ಕೊನೆಗೆ ಮಾತು ಹೊರಬಿತ್ತು. ಜೋನ್ಸ್ ಈ ಪ್ರಸಂಗವನ್ನು ನಗುತ್ತಲೇ ಹೇಳಿಕೊಂಡಿದ್ದಾರೆ. ಪಾತ್ರದ ಮಾತು ಲೇಖಕರು ಬರೆದದ್ದು, ಬೇರೆ ಪದ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇದೆಲ್ಲ ನಡೆದದ್ದು ಕಾರ್ಟ್ ಥಿಯೇಟರ್‌ನಲ್ಲಿ, ನ್ಯೂಯಾರ್ಕಿನ 48ನೇ ಬೀದಿಯಲ್ಲಿ. 2022ರಿಂದ ಆ ರಂಗಮಂದಿರದ ಹೆಸರು ಜೇಮ್ಸ್ ಅರ್ಲ್ ಜೋನ್ಸ್ ಥಿಯೇಟರ್.

1960ರ ದಶಕ ಪೂರ್ತಿ ಕೆಲಸವೋ ಕೆಲಸ. ಜೋಸೆಫ್ ಪ್ಯಾಪ್ ಅವರ ಶೇಕ್ಸ್‌ಪಿಯರ್ ಉತ್ಸವದಲ್ಲಿ, ಸೆಂಟ್ರಲ್ ಪಾರ್ಕಿನ ಬಯಲು ರಂಗದಲ್ಲಿ, ಒಂದರ ಹಿಂದೆ ಒಂದು ಪಾತ್ರ. ಮಳೆ, ವಿಮಾನದ ಸದ್ದು, ಟಿಕೆಟ್ ಇಲ್ಲದೆ ಬಂದು ಕೂತ ಜನ. ಅಲ್ಲಿ ಪಳಗಿದ ದನಿ ಅದು. 1961ರಲ್ಲಿ ಫ್ರೆಂಚ್ ಲೇಖಕ ಜೆನೆಯ ‘ದಿ ಬ್ಲ್ಯಾಕ್ಸ್’ ನಾಟಕದಲ್ಲಿ ಮಾಯಾ ಏಂಜೆಲೊ, ಸಿಸಿಲಿ ಟೈಸನ್, ಲೂಯಿಸ್ ಗೊಸೆಟ್ ಜೊತೆ ನಟಿಸಿದರು. ಅದು 1,400ಕ್ಕೂ ಹೆಚ್ಚು ಪ್ರಯೋಗ ಕಂಡಿತು. 1962ರಲ್ಲಿ ‘ವೆನಿಸ್ಸಿನ ವ್ಯಾಪಾರಿ’ಯಲ್ಲಿ ಮೊರಾಕ್ಕೊ ರಾಜಕುಮಾರನಾಗಿದ್ದರು. ಸಿನಿಮಾ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಆ ನಾಟಕಕ್ಕೆ ಬಂದದ್ದು ಶೈಲಾಕ್ ಮಾಡುತ್ತಿದ್ದ ಜಾರ್ಜ್ ಸಿ. ಸ್ಕಾಟ್ ಅವರನ್ನು ನೋಡಲು. ಜೋನ್ಸ್ ಕೂಡ ಕಣ್ಣಿಗೆ ಬಿದ್ದರು. ಹಾಗೆ 1964ರ ‘ಡಾ. ಸ್ಟ್ರೇಂಜ್‌ಲವ್’ ಚಿತ್ರದಲ್ಲಿ ವಿಮಾನದೊಳಗಿನ ಒಬ್ಬ ಯೋಧನಾಗಿ ಸಿನಿಮಾಗೆ ಬಂದರು.

ಮೊದಲ ದೊಡ್ಡ ಗೆಲುವು ‘ದಿ ಗ್ರೇಟ್ ವೈಟ್ ಹೋಪ್’. ಹೆವಿವೇಟ್ ಚಾಂಪಿಯನ್ ಆದ ಮೊದಲ ಕರಿಯ ಬಾಕ್ಸರ್ ಜ್ಯಾಕ್ ಜಾನ್ಸನ್ ಬದುಕನ್ನು ಆಧರಿಸಿದ ನಾಟಕ. ವಾಷಿಂಗ್ಟನ್ನಿನಲ್ಲಿ ಶುರುವಾಗಿ 1968ರಲ್ಲಿ ಬ್ರಾಡ್‌ವೇಗೆ ಬಂತು. ಆ 546 ಪ್ರಯೋಗದ ನಾಟಕ ಇದೇ. ತಲೆ ಬೋಳಿಸಿಕೊಂಡು, ಬಾಕ್ಸರ್ ಹಾಗೆ ಮೈ ಹುರಿಗೊಳಿಸಿಕೊಂಡು ಆ ಪಾತ್ರಕ್ಕೆ ಇಳಿದರು. 1969ರಲ್ಲಿ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಅದೇ ನಾಟಕ ಸಿನಿಮಾ ಆದಾಗ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು.

ಇನ್ನೊಂದು ಟೋನಿ 1987ರದು, ಆಗಸ್ಟ್ ವಿಲ್ಸನ್ ಬರೆದ ‘ಫೆನ್ಸಸ್’ಗೆ. ನನ್ನ ಲೆಕ್ಕದಲ್ಲಿ ಇದೇ ಅವರ ಬದುಕಿನ ದೊಡ್ಡ ಪಾತ್ರ. ನಿರ್ದೇಶಕ ಯಾರು ಗೊತ್ತೇ? ಅದೇ ಲಾಯ್ಡ್ ರಿಚರ್ಡ್ಸ್. ಮೂವತ್ತು ವರ್ಷದ ಹಿಂದೆ ಯಾರ ಬದಲಿಗೆ ಕಾಯುತ್ತಾ ಕೂತಿದ್ದರೋ ಅವರೇ. ಜೋನ್ಸ್ ಪಾತ್ರದ ಹೆಸರು ಟ್ರಾಯ್ ಮ್ಯಾಕ್ಸನ್. ಒಂದು ಕಾಲದ ಒಳ್ಳೆಯ ಬೇಸ್‌ಬಾಲ್ ಆಟಗಾರ, ಬಣ್ಣದ ಕಾರಣಕ್ಕೆ ದೊಡ್ಡ ತಂಡಗಳಿಗೆ ಸೇರಲಾಗದೆ ಈಗ ಕಸ ಎತ್ತುವ ಕೆಲಸದಲ್ಲಿದ್ದಾನೆ. ಒಂದು ದೃಶ್ಯದಲ್ಲಿ ಹದಿಹರೆಯದ ಮಗ ಕೇಳುತ್ತಾನೆ: ನನ್ನನ್ನು ಕಂಡರೆ ನಿನಗೆ ಯಾಕೆ ಯಾವತ್ತೂ ಆಗಲ್ಲ? ಅಪ್ಪನಿಗೆ ಆ ಪ್ರಶ್ನೆಯೇ ಉದ್ಧಟತನ ಅನ್ನಿಸುತ್ತದೆ. ದಿನಾ ಉಣ್ಣುತ್ತೀಯಾ? ತಲೆ ಮೇಲೆ ಸೂರಿದೆಯಾ? ಮೈ ಮೇಲೆ ಬಟ್ಟೆ ಇದೆಯಾ? ಅದು ನನ್ನ ಕೆಲಸ, ನಿನ್ನ ಜವಾಬ್ದಾರಿ ನನ್ನದು, ಇಷ್ಟಪಡಬೇಕು ಅಂತ ಯಾವ ಕಾನೂನು ಹೇಳುತ್ತೆ ಅನ್ನುವ ಧಾಟಿಯಲ್ಲಿ ಮಗನ ಮೇಲೆ ಬೀಳುತ್ತಾನೆ.

ಈ ದೃಶ್ಯದ ಧ್ವನಿಮುದ್ರಣ, ತುಣುಕುಗಳು ಸಿಗುತ್ತವೆ, ಹುಡುಕಿ ಕೇಳಿ. ಇಲ್ಲಿ ಮುಫಾಸನ ಜೇನು ಇಲ್ಲ. ದನಿ ಒರಟಾಗಿದೆ, ವೇಗವಾಗಿದೆ, ಕೆಲವು ಕಡೆ ಮೇಲಕ್ಕೆ ಹಾರುತ್ತದೆ. ಮೊದಮೊದಲು ತಮಾಷೆ ಅನ್ನಿಸಿ ಜನ ನಗುತ್ತಾರೆ. ನಗು ನಿಲ್ಲುವುದು ಎಲ್ಲಿ ಅಂತ ಗಮನಿಸಿ. ಅಪ್ಪನೇ ಇಲ್ಲದೆ ಬೆಳೆದವನು ಇಂಥ ಅಪ್ಪನ ಪಾತ್ರ ಮಾಡುತ್ತಿದ್ದಾನೆ ಅನ್ನುವುದು ಗೊತ್ತಿದ್ದರೆ ಇನ್ನೂ ಚುಚ್ಚುತ್ತದೆ. ನಾಟಕಕ್ಕೆ ಅದನ್ನು ತಿಳಿಯುವ ಅಗತ್ಯವೇನೂ ಇಲ್ಲ, ಅದು ಬೇರೆ ಮಾತು.

ಈ ಎರಡು ಟೋನಿಗಳ ನಡುವೆ ಬಂದದ್ದು ವೇಡರ್. ಕರಿ ಉಡುಪಿನೊಳಗೆ ಇದ್ದವರು ಡೇವಿಡ್ ಪ್ರೌಸ್, ಆರೂವರೆ ಅಡಿ ಎತ್ತರದ ಬ್ರಿಟಿಷ್ ನಟ. ಅವರ ಮಾತಿನಲ್ಲಿ ಇಂಗ್ಲೆಂಡಿನ ಹಳ್ಳಿ ಕಡೆಯ ರಾಗ ಜಾಸ್ತಿ ಇತ್ತು. ನಿರ್ದೇಶಕ ಜಾರ್ಜ್ ಲೂಕಾಸ್‌ಗೆ ಅದು ಒಗ್ಗಲಿಲ್ಲ. ಉಸಿರಾಟದ ಆ ಪ್ರಸಿದ್ಧ ಸದ್ದು ಜೋನ್ಸ್ ಅವರದಲ್ಲ. ನೀರಿನಲ್ಲಿ ಮುಳುಗುವವರು ಬಳಸುವ ಉಸಿರಾಟದ ಸಾಧನದೊಳಗೆ ಮೈಕ್ ಇಟ್ಟು, ಧ್ವನಿ ವಿನ್ಯಾಸಕ ಬೆನ್ ಬರ್ಟ್ ಮುದ್ರಿಸಿದ್ದು. ಜೋನ್ಸ್ ಕೊಟ್ಟದ್ದು ಮಾತು ಮಾತ್ರ. ಆ ಮಾತಿನಲ್ಲೂ ಏರಿಳಿತ ಕಡಿಮೆ ಮಾಡುತ್ತಾ ಹೋದರು. ಮುಖವಾಡದ ಹಿಂದಿನವನು ಮನುಷ್ಯನೋ ಯಂತ್ರವೋ ಅನ್ನುವ ಅನುಮಾನ ಉಳಿಯಬೇಕು. ಭಾವ ಹೆಚ್ಚಾದರೆ ಅನುಮಾನ ಹೋಗುತ್ತದೆ. ಇದು ನಾಟಕದವರಿಗೆ ಕಷ್ಟದ ಕೆಲಸ. ನಮಗೆ ಮೈಕ್ ಕಂಡರೆ ಅಭಿನಯಿಸುವ ಚಪಲ.

1980ರ ಎರಡನೇ ಚಿತ್ರದಲ್ಲಿ, ನಾಯಕನಿಗೆ ತಾನೇ ಅವನ ಅಪ್ಪ ಅಂತ ವೇಡರ್ ಹೇಳುತ್ತಾನೆ. ಚಿತ್ರೀಕರಣದಲ್ಲಿ ಗುಟ್ಟು ಹೊರಬೀಳಬಾರದು ಅಂತ ಪ್ರೌಸ್ ಬಾಯಲ್ಲಿ ಬೇರೆಯೇ ಮಾತು ಹೇಳಿಸಿದ್ದರು. ನಿಜವಾದ ಮಾತನ್ನು ಹೇಳಿದ್ದು ಜೋನ್ಸ್, ಸ್ಟುಡಿಯೋದಲ್ಲಿ. ಹಾಳೆಯಲ್ಲಿ ಅದನ್ನು ಓದಿದಾಗ, ಇವನು ಸುಳ್ಳು ಹೇಳ್ತಿದ್ದಾನೆ, ಮುಂದೆ ಇದನ್ನು ಹೇಗೆ ಸಂಭಾಳಿಸುತ್ತಾರೋ ಅಂದುಕೊಂಡರಂತೆ. ಮೊದಲ ಎರಡು ಚಿತ್ರಗಳಲ್ಲಿ ತನ್ನ ಹೆಸರು ಹಾಕುವುದೇ ಬೇಡ ಅಂದಿದ್ದರು. ತನ್ನದು ಸ್ಪೆಷಲ್ ಎಫೆಕ್ಟ್ ಅಷ್ಟೇ ಅನ್ನುವುದು ಅವರ ವಾದ. 1983ರ ಮೂರನೆಯದರಲ್ಲಿ ಹೆಸರು ಬಂತು.

ಮುಫಾಸ ಬಂದದ್ದು 1994ರಲ್ಲಿ. ಒಂದು ತಮಾಷೆ ನಿಮ್ಮ ಮಗಳಿಗೆ ಹೇಳಿ. ಮುಫಾಸನ ರಾಣಿ, ಸಿಂಹಿಣಿ ಸರಾಬಿಗೆ ದನಿ ಕೊಟ್ಟವರು ಮ್ಯಾಜ್ ಸಿಂಕ್ಲೇರ್. ಅದಕ್ಕೆ ಆರು ವರ್ಷ ಮೊದಲು ‘ಕಮಿಂಗ್ ಟು ಅಮೆರಿಕಾ’ ಎಂಬ ಹಾಸ್ಯಚಿತ್ರದಲ್ಲಿ ಇದೇ ಇಬ್ಬರು ಆಫ್ರಿಕಾದ ಒಂದು ಕಲ್ಪಿತ ರಾಜ್ಯದ ರಾಜ ರಾಣಿ ಆಗಿದ್ದರು. ಮನುಷ್ಯರಾಗಿ ಒಮ್ಮೆ ಪಟ್ಟಕ್ಕೇರಿ, ಆಮೇಲೆ ಸಿಂಹಗಳಾಗಿ. 2019ರಲ್ಲಿ ‘ಲಯನ್ ಕಿಂಗ್’ ಹೊಸದಾಗಿ ಬಂದಾಗ ಉಳಿದ ಮುಖ್ಯ ದನಿಗಳೆಲ್ಲ ಬದಲಾದವು. ಮುಫಾಸ ಮಾತ್ರ ಬದಲಾಗಲಿಲ್ಲ. ಆಗ ಅವರಿಗೆ 88.

ಮುಫಾಸನ ದನಿಯಲ್ಲಿ ಬಿಸುಪು ಹೇಗೆ ಬಂತು, ವೇಡರ್ ದನಿಯಲ್ಲಿ ಹೇಗೆ ಆರಿತು? ಗಂಟಲು ಒಂದೇ, ಮಂದ್ರ ಅದೇ. ಒಂದರಲ್ಲಿ ವಾಕ್ಯದ ಕೊನೆಗೆ ಉಸಿರು ಸ್ವಲ್ಪ ಸೋರಲು ಬಿಡುತ್ತಾರೆ, ಪದಗಳ ನಡುವೆ ನಗು ಇದೆ. ಇನ್ನೊಂದರಲ್ಲಿ ಪ್ರತಿ ಪದವನ್ನೂ ಕತ್ತರಿಸಿ ಇಡುತ್ತಾರೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿದರೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಕೊನೆಯ ವರ್ಷಗಳಲ್ಲೂ ರಂಗ ಬಿಡಲಿಲ್ಲ. 2011ರಲ್ಲಿ ಗೌರವ ಆಸ್ಕರ್ ಕೊಡುವ ಹೊತ್ತಿಗೆ ಲಂಡನ್ನಿನಲ್ಲಿ ‘ಡ್ರೈವಿಂಗ್ ಮಿಸ್ ಡೈಸಿ’ ನಾಟಕದಲ್ಲಿದ್ದರು. ಹಾಗಾಗಿ ಪ್ರಶಸ್ತಿಯೇ ಅವರಿದ್ದಲ್ಲಿಗೆ ಹೋಯಿತು. ಮಧ್ಯಾಹ್ನದ ಪ್ರಯೋಗ ಮುಗಿದ ಮೇಲೆ ಅದೇ ರಂಗದ ಮೇಲೆ ಬೆನ್ ಕಿಂಗ್ಸ್‌ಲಿ ಅದನ್ನು ಕೈಗಿಟ್ಟರು. 2015ರಲ್ಲಿ ‘ದಿ ಜಿನ್ ಗೇಮ್’. ಇಬ್ಬರೇ ಪಾತ್ರಧಾರಿಗಳು, ವೃದ್ಧಾಶ್ರಮದಲ್ಲಿ ಕೂತು ಇಸ್ಪೀಟ್ ಆಡುತ್ತಾ ಜಗಳ ಆಡುತ್ತಾರೆ. ಜೋನ್ಸ್‌ಗೆ 84, ಎದುರಿಗಿದ್ದ ಸಿಸಿಲಿ ಟೈಸನ್‌ಗೆ 90. ಹೌದು, ‘ದಿ ಬ್ಲ್ಯಾಕ್ಸ್’ ನಾಟಕದ ಅದೇ ಟೈಸನ್.

ಆಮೇಲೆ ದನಿ ಮುಪ್ಪಾಯಿತು. ‘ಸ್ಟಾರ್ ವಾರ್ಸ್’ ಕಥೆಯದೇ ಆದ 2022ರ ‘ಓಬಿ-ವಾನ್ ಕೆನೋಬಿ’ ಸರಣಿಗೆ ಉಕ್ರೇನಿನ ಒಂದು ಕಂಪನಿ, ಅವರ ಹಳೆಯ ಧ್ವನಿಮುದ್ರಣಗಳಿಂದ ಕಂಪ್ಯೂಟರಿನಲ್ಲಿ ವೇಡರ್ ದನಿಯನ್ನು ಕಟ್ಟಿಕೊಟ್ಟಿತು. ಜೋನ್ಸ್ ಒಪ್ಪಿಗೆ ಕೊಟ್ಟೇ ನಡೆದದ್ದು. ಇದು ಸರಿಯೋ ತಪ್ಪೋ ಅಂತ ಕಂಠದಾನದವರಲ್ಲಿ ಜಗಳ ಇದೆ, ನನಗೂ ಕಸಿವಿಸಿ ಇದೆ. ಒಪ್ಪಿಗೆ ಪಡೆದರು ಅನ್ನುವುದೊಂದು ಸಮಾಧಾನ. 2024ರ ಸೆಪ್ಟೆಂಬರ್ 9ರಂದು, 93ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ತಮ್ಮ ಮನೆಯಲ್ಲಿ ತೀರಿಕೊಂಡರು.

ಮಗಳಿಗೆ ತೋರಿಸಲು ಒಂದನ್ನು ಸೂಚಿಸುತ್ತೇನೆ. 1969ರಲ್ಲಿ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಶುರುವಾಗುವಾಗ, ಇಂಗ್ಲಿಷ್ ಅಕ್ಷರಮಾಲೆ ಹೇಳಲು ಇವರನ್ನು ಕರೆದಿದ್ದರು. ಬೋಳು ತಲೆ, ನೇರ ನೋಟ. ಪಕ್ಕದಲ್ಲಿ ಒಂದು ಅಕ್ಷರ ಮೂಡುತ್ತದೆ. ಜೋನ್ಸ್ ತಕ್ಷಣ ಹೇಳುವುದಿಲ್ಲ. ಕಾಯುತ್ತಾರೆ. ಆಮೇಲೆ ಹೇಳುತ್ತಾರೆ. ಮತ್ತೆ ಕಾಯುತ್ತಾರೆ. ಇಪ್ಪತ್ತಾರು ಅಕ್ಷರಕ್ಕೆ ಒಂದೂವರೆ ನಿಮಿಷದ ಹತ್ತಿರ. ಕಾರ್ಯಕ್ರಮದವರು ಮಕ್ಕಳ ಮುಂದೆ ಇದನ್ನು ಹಾಕಿ ಗಮನಿಸಿದರು. ಮೊದಲ ಸಲ ಮಕ್ಕಳು ಅವರು ಹೇಳಿದ ಮೇಲೆ ಹೇಳಿದವು. ಇನ್ನೊಂದು ಸಲ, ಅಕ್ಷರ ಕಂಡ ಕೂಡಲೇ. ಮತ್ತೂ ಕೆಲವು ಸಲ ಆದ ಮೇಲೆ, ಅಕ್ಷರ ಬರುವ ಮೊದಲೇ. ಆ ತಂಡದವರು ಇದಕ್ಕೆ ‘ಜೇಮ್ಸ್ ಅರ್ಲ್ ಜೋನ್ಸ್ ಪರಿಣಾಮ’ ಅಂತಲೇ ಹೆಸರಿಟ್ಟರು.

ಮಗಳ ಜೊತೆ ಕೂತು ನೋಡಿ. ನಡುವಿನ ಬಿಡುವಿನಲ್ಲಿ ಅವಳೇನು ಮಾಡುತ್ತಾಳೆ, ನೀವೇನು ಮಾಡುತ್ತೀರಿ, ನನಗೆ ಬರೆದು ತಿಳಿಸಿ. ನಾನಂತೂ ಈ ವಯಸ್ಸಿನಲ್ಲೂ ‘ಎಫ್’ ಬರುವ ಹೊತ್ತಿಗೆ ಬಾಯಿ ಬಿಟ್ಟಿರುತ್ತೇನೆ.